ಬೀಸುವ ಕಲ್ಲಿಗೆ 26 ಡಾಲರ್, ರೇಷ್ಮೆ ಸೀರೆಗೆ 66 ಸೆಂಟ್

ಈ ಸಲ ರಜೆಗೆ ತುಮಕೂರಿಗೆ ಬಂದಾಗ ಎಸ್.ಎಸ್. ಪುರಂನ ನಮ್ಮ ಪಕ್ಕದ ಮನೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹಾಲ್ ತುಂಬ ರಟ್ಟಿನ ಡಬ್ಬಗಳು. ಆ ಮನೆಯ ಸೊಸೆ ಗಂಡನ ಜೊತೆ ಅಮೆರಿಕಕ್ಕೆ ಹೊರಟಿದ್ದಾಳೆ, ಸಾಮಾನು ಹಡಗಿನಲ್ಲಿ ಹೋಗುತ್ತದೆ. ಅವಳ ಅತ್ತೆ ಇಪ್ಪತ್ತು ಕಿಲೋ ತೂಗುವ ರಾಗಿ ಬೀಸುವ ಕಲ್ಲನ್ನು ಉರುಳಿಸಿಕೊಂಡು ಬಂದರು. "ಇದೂ ಹೋಗ್ಲಿ ಕಣಮ್ಮ, ಕಲ್ಲೇನು ಒಡೆಯುತ್ತಾ?"

ನನಗೆ ನಗು ಬಂತು. "ಅಮೆರಿಕದ ಲಾರಿಯವರ ಲೆಕ್ಕದಲ್ಲಿ ನಿನ್ನ ಮದುವೆ ಸೀರೆಗಿಂತ ಈ ಕಲ್ಲಿಗೇ ಬೆಲೆ ಜಾಸ್ತಿ" ಅಂದೆ. ಅವಳು ತಮಾಷೆ ಅಂದುಕೊಂಡಳು. ಅಲ್ಲ.

ಅಲ್ಲಿ ಹೋದ ಮೇಲೆ ಒಂದೇ ಊರಲ್ಲಿ ಇರುವವರು ಕಡಿಮೆ. ಕೆಲಸ ಬದಲಾಗುತ್ತದೆ, ರಾಜ್ಯ ಬದಲಾಗುತ್ತದೆ. ಹಾಗೆ ರಾಜ್ಯ ದಾಟುವಾಗ ಸಾಮಾನು ಸಾಗಿಸುವ ಕಂಪನಿ ನಿಮ್ಮ ಮುಂದೆ ಎರಡು ಆಯ್ಕೆ ಇಡಲೇಬೇಕು, ಅದು ಕಾನೂನು. ಒಂದು 'ರಿಲೀಸ್ಡ್ ವ್ಯಾಲ್ಯೂ'. ಇದಕ್ಕೆ ಬೇರೆ ದುಡ್ಡಿಲ್ಲ. ಸಾಮಾನು ಹಾಳಾದರೆ ಒಂದು ಪೌಂಡ್ ತೂಕಕ್ಕೆ 60 ಸೆಂಟ್ ಕೊಡುತ್ತಾರೆ, ಅಷ್ಟೇ. ಅರ್ಧ ಕಿಲೋ ಸೀರೆ ಕಳೆದರೆ 66 ಸೆಂಟ್. ನಾಲ್ಕು ಪೌಂಡಿನ ಲ್ಯಾಪ್‌ಟಾಪ್‌ಗೆ 2 ಡಾಲರ್ 40 ಸೆಂಟ್. ಅತ್ತೆಯ ಕಲ್ಲು 44 ಪೌಂಡ್, ಅದಕ್ಕೆ 26 ಡಾಲರ್ ಮೇಲೆ!

ಇನ್ನೊಂದು 'ಫುಲ್ ವ್ಯಾಲ್ಯೂ ಪ್ರೊಟೆಕ್ಷನ್'. ಇದಕ್ಕೆ ದುಡ್ಡು ಕೊಡಬೇಕು. ಹಾಳಾದದ್ದನ್ನು ಅವರು ರಿಪೇರಿ ಮಾಡಿಸಬೇಕು, ಇಲ್ಲವೇ ಅಂಥದ್ದೇ ಬೇರೆ ತಂದುಕೊಡಬೇಕು, ಇಲ್ಲವೇ ಅದರ ಬೆಲೆ ಕೊಡಬೇಕು. ನೀವು ಬರೆದುಕೊಟ್ಟು ಬೇಡ ಅನ್ನದಿದ್ದರೆ ಇದೇ ಜಾರಿಯಲ್ಲಿರುತ್ತದೆ. ತೊಂದರೆ ಏನೆಂದರೆ, ಬೇಡ ಅಂತ ನಾವೇ ಸಹಿ ಹಾಕಿಬಿಡುತ್ತೇವೆ. ನಾನೂ ಹಾಕಿದ್ದೆ. ನ್ಯೂಜೆರ್ಸಿಯಿಂದ ಟೆಕ್ಸಾಸ್‌ಗೆ ಹೋದಾಗ ಬೆಳಿಗ್ಗೆ ಆರಕ್ಕೆ ಲಾರಿ ಬಂತು. ಮಗು ಅಳುತ್ತಿತ್ತು, ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. 700 ಡಾಲರ್ ಟಿವಿಯ ಪರದೆ ಸೀಳಿಕೊಂಡು ಬಂತು. ತೂಕ 50 ಪೌಂಡ್. ಕೈಗೆ ಸಿಕ್ಕಿದ್ದು 30 ಡಾಲರ್.

ಫುಲ್ ವ್ಯಾಲ್ಯೂ ತಗೊಂಡರೂ ಒಂದು ಕೊಕ್ಕೆ ಇದೆ. ಪೌಂಡಿಗೆ 100 ಡಾಲರ್ ಮೀರಿದ ವಸ್ತುಗಳನ್ನು ಬೇರೆಯಾಗಿ ಬರೆದು ಕೊಡಬೇಕು, ಇಲ್ಲದಿದ್ದರೆ ಅವರ ಹೊಣೆ ಸೀಮಿತ. ಬೆಳ್ಳಿ ದೀಪ ಮಾತ್ರ ಅಲ್ಲ, ಜರಿ ಹೆಚ್ಚಿರುವ ರೇಷ್ಮೆ ಸೀರೆಯೂ ಆ ಲೆಕ್ಕಕ್ಕೆ ಬರಬಹುದು. ಚಿನ್ನ, ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್ ಲಾರಿಗೆ ಹಾಕಲೇಬೇಡಿ. ನಿಮ್ಮ ಕೈಚೀಲದಲ್ಲೇ ಇರಲಿ.

ಈಗ ಮುಖ್ಯವಾದ ಹಾಳೆ. ಲಾರಿಯವನು ಪ್ರತಿ ಸಾಮಾನಿಗೂ ನಂಬರ್ ಅಂಟಿಸಿ, ಪಟ್ಟಿಯಲ್ಲಿ ಅದರ ಮುಂದೆ ಏನೋ ಗೀಚುತ್ತಾನೆ. 'ಎಸ್‌ಸಿ' ಅಂದರೆ ಗೀರು ಬಿದ್ದಿದೆ. 'ಸಿಎಚ್' ಅಂದರೆ ಚಕ್ಕೆ ಎದ್ದಿದೆ. 'ಬಿಆರ್' ಅಂದರೆ ಮುರಿದಿದೆ. ಅಂದರೆ ಲಾರಿಗೆ ಏರಿಸುವ ಮೊದಲೇ ಹಾಗಿತ್ತು ಅಂತ. ಎರಡನೇ ಸಲ ನಾನು ಪಕ್ಕದಲ್ಲೇ ನಿಂತು ಓದಿದೆ. ತಗೊಂಡು ಮೂರು ತಿಂಗಳಾದ ಊಟದ ಮೇಜಿನ ಮುಂದೆ ಈ ಮೂರೂ ಇದ್ದವು! "ಎಲ್ಲಿದೆ ತೋರಿಸಪ್ಪ" ಅಂದೆ, ಅವನಿಗೆ ಅರ್ಥವಾಗುವ ಭಾಷೆಯಲ್ಲೇ ಅನ್ನಿ. ಆ ಮೂರನ್ನೂ ಪಟ್ಟಿಯಿಂದ ಹೊಡೆದುಹಾಕಿದ. ಅವನು ಒಪ್ಪದಿದ್ದರೆ ನಿಮ್ಮ ಮಾತನ್ನು ಅದೇ ಹಾಳೆಯಲ್ಲಿ ಬರೆದು ಆಮೇಲೆ ಸಹಿ ಹಾಕಿ. 'ಪಿಬಿಓ' ಅಂತ ಕಂಡರೆ ಆ ಡಬ್ಬ ನೀವೇ ಕಟ್ಟಿದ್ದು ಅಂತ ಅರ್ಥ. ಅದರೊಳಗೆ ಒಡೆದದ್ದಕ್ಕೆ ದುಡ್ಡು ಹುಟ್ಟುವುದು ಕಷ್ಟ. ಬಟ್ಟೆ, ಪುಸ್ತಕ ನೀವು ಕಟ್ಟಿ. ಗಾಜು, ಪಿಂಗಾಣಿ, ಟಿವಿ ಅವರಿಂದಲೇ ಕಟ್ಟಿಸಿ. ಹಿಂದಿನ ದಿನ ಟಿವಿ ಆನ್ ಮಾಡಿ ಫೋನಿನಲ್ಲಿ ವಿಡಿಯೋ ತೆಗೆಯಿರಿ, ಹಿಂಬದಿಯ ಸೀರಿಯಲ್ ನಂಬರ್ ಕೂಡ ಬರಲಿ. ಬಾಡಿಗೆ ಮನೆಯ ವಿಮೆ ಇದೆಯಲ್ಲ ಅಂತ ನಂಬಿ ಕೂರಬೇಡಿ. ಕಳ್ಳತನ, ಬೆಂಕಿಗೆ ಅದು ಬರಬಹುದು, ಲಾರಿಯಲ್ಲಿ ಒಡೆದ ತಟ್ಟೆಗೆ ಸಾಮಾನ್ಯವಾಗಿ ಬರುವುದಿಲ್ಲ.

ಹಡಗಿನ ವಿಮೆ ಬೇರೆ ಪಾಲಿಸಿ. ಅಲ್ಲಿ ಬೆಲೆ ಬರೆಯುವಾಗ ಜಿಪುಣತನ ಬೇಡ. ತುಮಕೂರಿನಲ್ಲಿ ಕೊಟ್ಟ ಬೆಲೆಯಲ್ಲ, ಅದೇ ವಸ್ತುವನ್ನು ಅಮೆರಿಕದಲ್ಲಿ ಕೊಳ್ಳಲು ಎಷ್ಟಾಗುತ್ತದೋ ಅದನ್ನು ಬರೆಯಿರಿ. 10,000 ಡಾಲರ್ ಸಾಮಾನಿಗೆ 5,000 ಅಂತ ಬರೆದರೆ, 1,000 ಡಾಲರ್ ನಷ್ಟವಾದಾಗ 500 ಕೊಟ್ಟು ಕೈ ತೊಳೆದುಕೊಳ್ಳಬಹುದು. ಬೂಷ್ಟು ಹಿಡಿದದ್ದಕ್ಕೆ ಹಲವು ಪಾಲಿಸಿಗಳಲ್ಲಿ ದುಡ್ಡಿಲ್ಲ, ಹಾಗಾಗಿ ಹಾಸಿಗೆ, ಮರದ ಮಣೆ ಚೆನ್ನಾಗಿ ಒಣಗಿಸಿ ಕಟ್ಟಿ. ವಿಮೆಯೇ ಬೇಡ ಅನ್ನುವವರಿಗೆ 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡ ಎವರ್ ಗಿವನ್ ಹಡಗನ್ನು ನೆನಪಿಸುತ್ತೇನೆ. ಅದನ್ನು ಬಿಡಿಸಿದ ಖರ್ಚಿನಲ್ಲಿ ಒಳಗಿದ್ದ ಸರಕಿನ ಮಾಲೀಕರೂ ಪಾಲು ಕೊಡಬೇಕು ಅಂತ ಬಂತು. 'ಜನರಲ್ ಆವರೇಜ್' ಅನ್ನುವ ಹಳೆಯ ಪದ್ಧತಿ ಅದು. ನಿಮ್ಮ ಡಬ್ಬಕ್ಕೆ ಗೀರೂ ಬಿದ್ದಿರದಿದ್ದರೂ ಪಾಲು ತಪ್ಪದು. ನಿಮ್ಮ ಪಾಲಿಸಿಯಲ್ಲಿ ಇದು ಸೇರಿದೆಯಾ ಕೇಳಿ.

ಸಾಮಾನು ಬಂದ ದಿನ ಕಣ್ಣಿಗೆ ಕಂಡ ಹಾನಿಯನ್ನೆಲ್ಲ ರಸೀದಿಯಲ್ಲೇ ಬರೆಯಿರಿ. ಆಮೇಲೆ ಸಿಕ್ಕಿದ್ದನ್ನೂ ಕೇಳಬಹುದು. ರಾಜ್ಯ ದಾಟಿದ ಸಾಗಣೆಗೆ ಲಿಖಿತ ಕ್ಲೈಮ್ ಹಾಕಲು 9 ತಿಂಗಳು ಇದೆ. ಕಂಪನಿಯವರು 30 ದಿನದಲ್ಲಿ ಕ್ಲೈಮ್ ತಲುಪಿದೆ ಅನ್ನಬೇಕು, 120 ದಿನದಲ್ಲಿ ಉತ್ತರ ಕೊಡಬೇಕು. ಹಡಗಿನ ಪಾಲಿಸಿಗಳಲ್ಲಿ ಗಡುವು ಬೇರೆ, ಅದನ್ನು ಮೊದಲೇ ಓದಿಕೊಳ್ಳಿ.

ಇಲ್ಲಿ ನಮ್ಮವರು ಮಾಡುವ ಒಂದು ತಪ್ಪಿದೆ. ಒಡೆದ ಗಾಜು ಮನೆಯಲ್ಲಿರಬಾರದು ಅಂತ ಬಂದ ದಿನವೇ ಗುಡಿಸಿ ಬಿಸಾಡುತ್ತೇವೆ. ಬಿಸಾಡಬೇಡಿ. ಕ್ಲೈಮ್ ಹಾಕಿದ ಮೇಲೆ ಹಾನಿ ನೋಡಲು ಬರುವವರಿಗೆ ಆ ಚೂರೂ ಬೇಕು, ಅದು ಬಂದ ಡಬ್ಬವೂ ಬೇಕು. ಇದನ್ನು ಹೇಳಿದಾಗ ಅತ್ತೆ ಮುಖ ಕಿವಿಚಿದರು. "ಗ್ಯಾರೇಜಿನಲ್ಲಿಡಿ, ಮನೆಯೊಳಗೆ ಬೇಡ" ಅಂದೆ. ಅದಕ್ಕೆ ಒಪ್ಪಿದರು.