ಗಿಗಾಹರ್ಟ್ಸ್ ಒಂದೇ, ಪ್ರೊಸೆಸರ್ ಬೇರೆ: ವೇಗದ ವ್ಯತ್ಯಾಸ ಅಳೆಯುವುದು ಹೇಗೆ?

ಇಂಟೆಲ್ ಕಂಪನಿಯ ಕೋರ್ 2 ಡ್ಯುಯೊ ಇ8400 ಮಾರುಕಟ್ಟೆಗೆ ಬಂದದ್ದು 2008ರ ಜನವರಿಯಲ್ಲಿ. ಪೆಂಟಿಯಂ ಡ್ಯುಯಲ್-ಕೋರ್ ಇ5700 ಬಂದದ್ದು 2010ರಲ್ಲಿ. ಎರಡರಲ್ಲೂ ಎರಡೆರಡು ಕೋರ್‌ಗಳಿವೆ, ಎರಡೂ 3.0 ಗಿಗಾಹರ್ಟ್ಸ್ ವೇಗದಲ್ಲಿ ಓಡುತ್ತವೆ, ಎರಡೂ 45 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ತಯಾರಾದವು, ಎರಡೂ ಎಲ್‌ಜಿಎ 775 ಸಾಕೆಟ್‌ನಲ್ಲಿ ಕೂರುತ್ತವೆ, ಎರಡಕ್ಕೂ ಕಂಪನಿ ನಮೂದಿಸಿರುವ ಟಿಡಿಪಿ (ಕೂಲರ್ ಹೊರಹಾಕಬೇಕಾದ ಬಿಸಿಯ ಪ್ರಮಾಣ) 65 ವಾಟ್. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯ ಬಿಡಿಭಾಗ ಹುಡುಕುವವರಿಗೆ ಇವೆರಡರಲ್ಲಿ ಯಾವುದಾದರೇನು ಎನಿಸುವುದು ಸಹಜ. ಆದರೆ ಇ8400ರಲ್ಲಿ ಎರಡನೇ ಹಂತದ ಕ್ಯಾಶ್ (ಪದೇ ಪದೇ ಬೇಕಾಗುವ ದತ್ತಾಂಶವನ್ನು ಪ್ರೊಸೆಸರ್ ತನ್ನೊಳಗೇ ಇಟ್ಟುಕೊಳ್ಳುವ ವೇಗದ ಸ್ಮೃತಿ) 6 ಎಂಬಿ ಇದ್ದರೆ ಇ5700ರಲ್ಲಿ 2 ಎಂಬಿ ಮಾತ್ರ ಇದೆ. ಪ್ರೊಸೆಸರ್‌ಗೂ ಉಳಿದ ಭಾಗಗಳಿಗೂ ನಡುವೆ ದತ್ತಾಂಶ ಓಡಾಡುವ ದಾರಿಯೇ ಬಸ್; ಮೊದಲನೆಯದರ ಬಸ್ ವೇಗ ಸೆಕೆಂಡಿಗೆ 1333 ದಶಲಕ್ಷ ಸಾಗಣೆ, ಎರಡನೆಯದರದು 800 ದಶಲಕ್ಷ. ಈ ಎರಡು ಅಂಶಗಳು ಯಾವ ಕೆಲಸದಲ್ಲಿ ಎಷ್ಟು ವ್ಯತ್ಯಾಸ ತರುತ್ತವೆ ಎಂಬುದನ್ನು ಮನೆಯಲ್ಲೇ ಅಳೆಯಬಹುದು.

ಮೊದಲು ಬೇಕಾಗುವುದು ಎರಡನ್ನೂ ಸ್ವೀಕರಿಸುವ ಒಂದೇ ಮದರ್‌ಬೋರ್ಡ್. ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ ಪಡೆದ ಅಂಕಗಳನ್ನು ಹೋಲಿಸಿದರೆ ಅಳೆದದ್ದು ಪ್ರೊಸೆಸರನ್ನೋ, ರ‍್ಯಾಮನ್ನೋ, ಡಿಸ್ಕನ್ನೋ ಎಂಬುದು ತಿಳಿಯುವುದೇ ಇಲ್ಲ. 800 ಮತ್ತು 1333 ಎರಡೂ ಬಸ್ ವೇಗಗಳಿಗೆ ಒಗ್ಗುವ ಜಿ41 ಚಿಪ್‌ಸೆಟ್‌ನ ಬೋರ್ಡ್ ಇದಕ್ಕೆ ಸೂಕ್ತ. ತಯಾರಕರ ಪ್ರೊಸೆಸರ್ ಪಟ್ಟಿಯಲ್ಲಿ ಎರಡೂ ಮಾದರಿಗಳಿವೆಯೇ ಎಂದು ನೋಡಿ, ಬಯೋಸ್ (ಬೋರ್ಡನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಹಳೆಯದಾಗಿದ್ದರೆ ಪ್ರೊಸೆಸರ್ ಬದಲಿಸುವ ಮೊದಲೇ ನವೀಕರಿಸಿಕೊಳ್ಳಬೇಕು.

ಬದಲಿಸುವಾಗ ವಿದ್ಯುತ್ ಸಂಪರ್ಕ ತೆಗೆದು, ಕೂಲರ್ ಬಿಡಿಸಿ, ಸಾಕೆಟ್‌ನ ಲಿವರ್ ಎತ್ತಿ ಪ್ರೊಸೆಸರನ್ನು ಅಂಚುಗಳಲ್ಲಿ ಹಿಡಿದು ನೇರವಾಗಿ ಮೇಲೆತ್ತಬೇಕು. ಈ ಸಾಕೆಟ್‌ನಲ್ಲಿ ಪಿನ್‌ಗಳಿರುವುದು ಬೋರ್ಡಿನ ಮೇಲೆ. ಒಂದು ಪಿನ್ ಬಾಗಿದರೂ ಬೋರ್ಡೇ ಕೆಟ್ಟಂತೆ. ಬಿಸಿಯನ್ನು ಕೂಲರ್‌ಗೆ ದಾಟಿಸುವ ಹಳೆಯ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಹೊಸದನ್ನು ಹಚ್ಚಬೇಕು. ಇಂಟೆಲ್‌ನ ಅಂದಿನ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಗೂಟಗಳು ಕುಖ್ಯಾತವಾದವು: ಮೂರು ಕೂತು ನಾಲ್ಕನೆಯದು ಅರೆಬರೆ ನಿಂತಿರುತ್ತದೆ, ಮೇಲಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ಬೋರ್ಡಿನ ಹಿಂಬದಿಯಿಂದ ಪರೀಕ್ಷಿಸುವುದೇ ಲೇಸು.

ಕಂಪ್ಯೂಟರ್ ಚಾಲೂ ಆದ ಮೇಲೆ ಸಿಪಿಯು-ಝೆಡ್ ಎಂಬ ಉಚಿತ ತಂತ್ರಾಂಶದಲ್ಲಿ ಮಾದರಿ, ಕ್ಯಾಶ್ ಮತ್ತು ಬಸ್ ವೇಗವನ್ನು ಖಚಿತಪಡಿಸಿಕೊಳ್ಳಬೇಕು. ಆಗ ಇ8400ರ ವೇಗ 2.0 ಗಿಗಾಹರ್ಟ್ಸ್ ಎಂದೋ, ಇ5700ರ ವೇಗ 1.2 ಗಿಗಾಹರ್ಟ್ಸ್ ಎಂದೋ ಕಂಡರೆ ಅಂಗಡಿಯವರು ಮೋಸ ಮಾಡಿದರೆಂದು ತಿಳಿಯಬೇಕಿಲ್ಲ. ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ಪ್ರೊಸೆಸರ್ ತನ್ನ ಗುಣಕವನ್ನು (ಬಸ್ ಗಡಿಯಾರದ ಎಷ್ಟು ಪಟ್ಟು ವೇಗದಲ್ಲಿ ಓಡಬೇಕೆಂಬ ಸಂಖ್ಯೆಯನ್ನು) 6ಕ್ಕೆ ಇಳಿಸಿಕೊಳ್ಳುತ್ತದೆ. ಬಸ್ ಗಡಿಯಾರದ ಪ್ರತಿ ಮಿಡಿತಕ್ಕೆ ನಾಲ್ಕು ಸಲ ದತ್ತಾಂಶ ಸಾಗುವುದರಿಂದ ಆ ಗಡಿಯಾರದ ವೇಗ 1333 ಮತ್ತು 800ರ ಕಾಲು ಭಾಗ: 333ರ ಆರು ಪಟ್ಟು ಸುಮಾರು 2000 ಮೆಗಾಹರ್ಟ್ಸ್, 200ರ ಆರು ಪಟ್ಟು 1200. ಪರೀಕ್ಷೆಯ ವೇಳೆಗೆ ವಿಂಡೋಸ್‌ನ ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸ್‌ಗೆ ಹೊಂದಿಸಿದರೆ ಈ ಏರಿಳಿತ ತಪ್ಪುತ್ತದೆ. ಮೆಮೊರಿ ಪುಟವನ್ನೂ ತಪ್ಪದೆ ನೋಡಬೇಕು, ಏಕೆಂದರೆ ಕೆಲವು ಬೋರ್ಡುಗಳಲ್ಲಿ ಬಸ್ 800ಕ್ಕೆ ಇಳಿದೊಡನೆ ರ‍್ಯಾಮ್ ವೇಗವೂ ತಾನಾಗಿ ಇಳಿಯುತ್ತದೆ. ಹಾಗಾಗಿದ್ದರೆ ಬಯೋಸ್‌ನಲ್ಲಿ ಎರಡೂ ಸಲ ಒಂದೇ ವೇಗ ನಿಗದಿಪಡಿಸಬೇಕು. ಡಿಡಿಆರ್2-800 ರ‍್ಯಾಮ್ ಅಲ್ಲಿ 400 ಮೆಗಾಹರ್ಟ್ಸ್ ಎಂದು ಕಾಣುವುದು ಸರಿಯಾದದ್ದೇ, ಏಕೆಂದರೆ ಅದು ಗಡಿಯಾರದ ಪ್ರತಿ ಮಿಡಿತಕ್ಕೆ ಎರಡು ಸಲ ದತ್ತಾಂಶ ಸಾಗಿಸುತ್ತದೆ.

ಈಗ ಪರೀಕ್ಷೆ. ಉಚಿತವಾಗಿ ಸಿಗುವ 7-ಜಿಪ್ ತಂತ್ರಾಂಶದ ಟೂಲ್ಸ್ ಪಟ್ಟಿಯಲ್ಲೇ ವೇಗ ಅಳೆಯುವ ಬೆಂಚ್‌ಮಾರ್ಕ್ ಇದೆ. ನಮ್ಮ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿದೆ, ಏಕೆಂದರೆ ಕಡತ ಕುಗ್ಗಿಸುವುದಕ್ಕೂ ಮತ್ತೆ ಬಿಡಿಸುವುದಕ್ಕೂ ಅದು ಬೇರೆ ಬೇರೆ ಅಂಕ ಕೊಡುತ್ತದೆ. ಕುಗ್ಗಿಸುವಾಗ ಪ್ರೊಸೆಸರ್ ದೊಡ್ಡ ದತ್ತಾಂಶದೊಳಗೆ ಅಲ್ಲಲ್ಲಿ ಜಿಗಿದು ಹುಡುಕುತ್ತದೆ. ಬೇಕಾದದ್ದು ಕ್ಯಾಶ್‌ನಲ್ಲಿ ಸಿಗದಿದ್ದರೆ ಬಸ್ ದಾಟಿ ರ‍್ಯಾಮ್‌ಗೆ ಹೋಗಿ ಬರುವವರೆಗೆ ಕಾಯಬೇಕು. ಕುಗ್ಗಿಸಿದ್ದನ್ನು ಬಿಡಿಸುವಾಗ ಮುಖ್ಯವಾಗುವುದು ಕೋರ್‌ನ ಲೆಕ್ಕಾಚಾರದ ಸಾಮರ್ಥ್ಯ. ಎರಡೂ ಪ್ರೊಸೆಸರ್‌ಗಳ ಕೋರ್ ವುಲ್ಫ್‌ಡೇಲ್ ಎಂಬ ಒಂದೇ ವಿನ್ಯಾಸದ್ದಾದ್ದರಿಂದ ಬಿಡಿಸುವ ಅಂಕಗಳು ಹತ್ತಿರವಿದ್ದು, ಕುಗ್ಗಿಸುವ ಅಂಕದಲ್ಲಿ ಇ8400 ಮುಂದಿರಬೇಕು. ಹಾಗೆ ಬರದಿದ್ದರೆ ಪ್ರೊಸೆಸರನ್ನು ದೂರುವ ಮೊದಲು ಹೊಂದಾಣಿಕೆಗಳನ್ನು ಮತ್ತೊಮ್ಮೆ ನೋಡಬೇಕು. ಇದರೊಡನೆ ಚಿತ್ರ ರೂಪಿಸುವ ವೇಗ ಅಳೆಯುವ ಸಿನಿಬೆಂಚ್ ಆರ್15 ಓಡಿಸಿ, ನಿಮ್ಮದೇ ಕೆಲಸವೊಂದನ್ನು, ಅಂದರೆ ಮದುವೆಯ ವಿಡಿಯೊ ಪರಿವರ್ತಿಸುವುದನ್ನೋ ದೊಡ್ಡ ಸ್ಪ್ರೆಡ್‌ಶೀಟ್ ತೆರೆಯುವುದನ್ನೋ, ಗಡಿಯಾರ ಹಿಡಿದು ಅಳೆಯಬಹುದು.

ಪ್ರತಿ ಪರೀಕ್ಷೆಯನ್ನೂ ಕನಿಷ್ಠ ಐದು ಸಲ ಓಡಿಸಿ ನಡುವಿನ ಅಂಕವನ್ನು ಬರೆದುಕೊಳ್ಳಬೇಕು. ಒಂದೇ ಪ್ರೊಸೆಸರ್‌ನ ಅಂಕಗಳೇ ಶೇ 2ರಷ್ಟು ಅತ್ತಿತ್ತ ಆಗುತ್ತಿದ್ದರೆ, ಎರಡು ಪ್ರೊಸೆಸರ್‌ಗಳ ನಡುವಿನ ಶೇ 1ರ ಅಂತರಕ್ಕೆ ಅರ್ಥವಿಲ್ಲ. ಶೇಕಡಾವಾರು ಲೆಕ್ಕದಲ್ಲೂ ಎಚ್ಚರ ಬೇಕು: ಒಂದು 40 ಸೆಕೆಂಡಿನಲ್ಲಿ ಮುಗಿಸುವ ಕೆಲಸವನ್ನು ಇನ್ನೊಂದು 36 ಸೆಕೆಂಡಿನಲ್ಲಿ ಮುಗಿಸಿತೆನ್ನಿ, ಸಮಯ ಉಳಿದದ್ದು ಶೇ 10, ಆದರೆ ವೇಗ ಹೆಚ್ಚಿದ್ದು ಶೇ 11. ಯಾವುದನ್ನಾದರೂ ಬಳಸಬಹುದು, ಬೆರೆಸಬಾರದು.

ವ್ಯತ್ಯಾಸಕ್ಕೆ ಕಾರಣ ಕ್ಯಾಶೋ ಬಸ್ಸೋ? ನನ್ನ ಮಟ್ಟಿಗೆ ಈ ಹೋಲಿಕೆಯ ರುಚಿಕಟ್ಟಾದ ಭಾಗ ಇದೇ. ಬಸ್ ಒಂದು ಸಲಕ್ಕೆ 8 ಬೈಟ್ ಸಾಗಿಸುವುದರಿಂದ 1333ರ ಬಸ್‌ಗೆ ಸೆಕೆಂಡಿಗೆ ಸುಮಾರು 10.6 ಜಿಬಿ, 800ರ ಬಸ್‌ಗೆ 6.4 ಜಿಬಿ ಗರಿಷ್ಠ ಮಿತಿ. ಡ್ಯುಯಲ್ ಚಾನೆಲ್‌ನಲ್ಲಿರುವ (ಎರಡು ಪಟ್ಟಿಗಳು ಒಟ್ಟಿಗೆ ಕೆಲಸ ಮಾಡುವ) ಡಿಡಿಆರ್2-800 ರ‍್ಯಾಮ್ 12.8 ಜಿಬಿ ಕೊಡಬಲ್ಲದಾದರೂ ಇ5700ಕ್ಕೆ ಅದರ ಅರ್ಧವಷ್ಟೇ ದಕ್ಕುತ್ತದೆ. ಇ5700ರ ಗುಣಕ 15; ಅದನ್ನು ಏರಿಸಲು ಬಾರದು, ಇಳಿಸಬಹುದು. ಬಯೋಸ್ ಅನುಮತಿಸಿದರೆ ಗುಣಕವನ್ನು 9ಕ್ಕೆ ಇಳಿಸಿ ಬಸ್ ಗಡಿಯಾರವನ್ನು 200ರಿಂದ 333ಕ್ಕೆ ಏರಿಸಿದಾಗ ವೇಗ ಅದೇ 3.0 ಗಿಗಾಹರ್ಟ್ಸ್ ಉಳಿದು ಬಸ್ 1333 ಆಗುತ್ತದೆ, ಅಂದರೆ ಇ8400ಕ್ಕೂ ಅದಕ್ಕೂ ಉಳಿಯುವ ಮುಖ್ಯ ಅಂತರ ಕ್ಯಾಶ್ ಒಂದೇ. ಈ ಸ್ಥಿತಿಯಲ್ಲಿ 7-ಜಿಪ್ ಮತ್ತೆ ಓಡಿಸಿದರೆ, ಮೊದಲಿನ ಅಂತರದಲ್ಲಿ ಎಷ್ಟು ಕರಗಿತೋ ಅಷ್ಟು ಬಸ್ಸಿನ ಪಾಲು, ಉಳಿದದ್ದು ಕ್ಯಾಶಿನ ಪಾಲು. ಇದು ಕಂಪನಿ ನಿಗದಿಪಡಿಸಿದ ಮಿತಿಯನ್ನು ಮೀರಿದ ಓಟ. ಎಲ್ಲ ಬೋರ್ಡುಗಳೂ ಎಲ್ಲ ಚಿಪ್‌ಗಳೂ ತಾಳುವುದಿಲ್ಲ, ಮುಖ್ಯವಾದ ಕಡತಗಳಿರುವ ಡಿಸ್ಕನ್ನು ಮೊದಲೇ ಬೇರ್ಪಡಿಸಿಡಬೇಕು.

ಬಿಸಿಯ ಅಳತೆಯನ್ನು ಹೆಚ್ಚು ನಂಬಬಾರದು. 45 ನ್ಯಾನೋಮೀಟರಿನ ಈ ಚಿಪ್‌ಗಳ ತಾಪ ಸಂವೇದಕಗಳು ಕಡಿಮೆ ಬಿಸಿಯಲ್ಲಿ ಒಂದೇ ಅಂಕೆಗೆ ಅಂಟಿಕೊಳ್ಳುವುದುಂಟು. ಗೋಡೆಯ ಪ್ಲಗ್‌ಗೆ ಸಿಕ್ಕಿಸುವ ವಾಟ್ ಮೀಟರ್ ಹೆಚ್ಚು ವಿಶ್ವಾಸಾರ್ಹ.

ವಿಂಡೋಸ್ 11ರ 24ಎಚ್2 ಆವೃತ್ತಿಗೆ ಬೇಕಾದ ಎಸ್‌ಎಸ್‌ಇ 4.2 ಎಂಬ ಪ್ರೊಸೆಸರ್ ಸೂಚನೆಗಳು ಎರಡರಲ್ಲೂ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ದಿನಬಳಕೆಗೆ ಲಿನಕ್ಸ್ ಹಾಕುವುದೇ ಸೂಕ್ತ. ಇ5700 ಈಗಾಗಲೇ ಕೈಯಲ್ಲಿದ್ದು, ಕೆಲಸ ಕನ್ನಡ ಟೈಪಿಂಗ್ ಮತ್ತು ಇಮೇಲ್‌ನಷ್ಟೇ ಆಗಿದ್ದರೆ ಇ8400ಕ್ಕೆ ಕೊಡುವ ಹಣವನ್ನು ಎಸ್‌ಎಸ್‌ಡಿಗೆ ಹಾಕುವುದು ಮೇಲು. ದೊಡ್ಡ ಕಡತಗಳನ್ನು ದಿನವೂ ಕುಗ್ಗಿಸುವವರು ಮಾತ್ರ ಪ್ರೊಸೆಸರ್ ಬದಲಿಸಲಿ.