ಕ್ರ್ಯಾಕ್ ಆಟೋಕ್ಯಾಡ್ ಬಿಟ್ಟಿದ್ದು ಹೀಗೆ: ಶಿವಮೊಗ್ಗದ ಒಂದು ಡ್ರಾಯಿಂಗ್ ಆಫೀಸಿನ ಅನುಭವ

ನಮ್ಮ ಕೆಲಸ ಮನೆ ಪ್ಲಾನು, ಹೆಂಚಿನ ಮಾಡಿನ ಸೆಕ್ಷನ್ನು, ಅಡಿಕೆ ಸುಲಿಯುವ ಯಂತ್ರದ ಪ್ಲೇಟುಗಳು. ನಕ್ಷೆ ಬರೆಯುವ ಆಟೋಕ್ಯಾಡ್ ಸಾಫ್ಟ್‌ವೇರಿನ ಕ್ರ್ಯಾಕ್ (ಬೀಗ ಮುರಿದ ಕಳ್ಳಪ್ರತಿ) ಬಿಟ್ಟು ಬೇರೆಯದಕ್ಕೆ ಬದಲಿಸುವಾಗ ಮೊದಲು ಲೆಕ್ಕ ಹಾಕಿದ್ದು ಆಫೀಸಿನಿಂದ ಹೊರಗೆ ಹೋಗುವ ಫೈಲು ಯಾವ ರೂಪದ್ದು ಅಂತ. ಹೆಚ್ಚಿನದು ಪಿಡಿಎಫ್, ಪ್ಲೇಟ್ ಕತ್ತರಿಸುವವರಿಗೆ ಡಿಎಕ್ಸ್‌ಎಫ್ (ಬೇರೆ ಬೇರೆ ಸಾಫ್ಟ್‌ವೇರ್ ಓದಬಲ್ಲ ನಕ್ಷೆ ಫೈಲು). ಆಟೋಕ್ಯಾಡಿನದೇ ರೂಪವಾದ ಡಿಡಬ್ಲ್ಯುಜಿಯೇ ಬೇಕು ಅನ್ನುವವರು ಸ್ಟ್ರಕ್ಚರಲ್ ಎಂಜಿನಿಯರ್ ಮಾತ್ರ.

ಹಾಗಾಗಿ ನಕ್ಷೆಗೆ ಲಿಬ್ರೆಕ್ಯಾಡ್, ಯಂತ್ರಭಾಗಕ್ಕೆ ಫ್ರೀಕ್ಯಾಡ್. ಎರಡೂ ಪುಕ್ಕಟೆ, ದುಡಿಮೆಗೂ ಬಳಸಬಹುದು. ಲಿಬ್ರೆಕ್ಯಾಡ್ ಡಿಡಬ್ಲ್ಯುಜಿ ಉಳಿಸಲಾರದು. ಅದಕ್ಕೆ ಒಂದೇ ಸಲ ಹಣ ಕೊಟ್ಟು ಕೊಳ್ಳುವ ಕ್ಯೂಕ್ಯಾಡ್ ಪ್ರೊಫೆಷನಲ್ ಒಂದು ಕಂಪ್ಯೂಟರಿಗೆ ಹಾಕಿಕೊಂಡೆವು. ಲಿಬ್ರೆಕ್ಯಾಡ್ ಕ್ಯೂಕ್ಯಾಡಿನಿಂದಲೇ ಕವಲೊಡೆದದ್ದು, ಕೈಗೆ ಬೇಗ ಒಗ್ಗುತ್ತದೆ. ವಿದ್ಯಾರ್ಥಿ ಆವೃತ್ತಿಯಲ್ಲಿ ಗಿರಾಕಿಯ ಕೆಲಸ ಮಾಡಿದರೆ ಅದೂ ಪರವಾನಗಿ ಮುರಿದಂತೆಯೇ.

ಕಂಪ್ಯೂಟರ್ ಅಂಗಡಿಯಲ್ಲಿ ವಿಂಡೋಸ್ ಜೊತೆಗೆ "ಆಟೋಕ್ಯಾಡೂ ಹಾಕ್ಕೊಡ್ಲಾ ಸಾರ್" ಅಂತ ಕೇಳುತ್ತಾರಲ್ಲ, ಆ ಕ್ರ್ಯಾಕಿಗೆ ಮೊದಲು ಆ್ಯಂಟಿವೈರಸ್ ಆಫ್ ಆಗಬೇಕು. ಆಮೇಲೆ ಡ್ರಾಯಿಂಗ್ ಫೋಲ್ಡರಿನಲ್ಲಿ ನೀವು ಬರೆಯದ acad.lsp ಎಂಬ ಫೈಲು (ಆಟೋಕ್ಯಾಡ್ ತಾನಾಗಿ ಓಡಿಸುವ ಪುಟ್ಟ ಪ್ರೋಗ್ರಾಂ) ಕೂತಿದ್ದರೆ ಅನುಮಾನಪಡಿ. ಪೆನ್‌ಡ್ರೈವಿನಲ್ಲಿ ಫೋಲ್ಡರ್ ಸಮೇತ ಹರಡುವ ವೈರಸ್ಸುಗಳ ಹಳೆಯ ದಾರಿ ಅದು. 2012ರಲ್ಲಿ ಪತ್ತೆಯಾದ ಮೆಡ್ರೆ ಎಂಬುದು ಡ್ರಾಯಿಂಗುಗಳನ್ನೇ ಕದ್ದು ಮೇಲ್ ಮಾಡುತ್ತಿತ್ತು. ಇನ್ನು ಕಾನೂನು: 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಪ್ರಕಾರ, ಗೊತ್ತಿದ್ದೂ ಕಳ್ಳಪ್ರತಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ.

ಬದಲಾದ ಮೇಲೆ ಅತಿ ಹೆಚ್ಚು ಕಾಡಿದ್ದು ಯೂನಿಟ್ಟು, ಅಂದರೆ ಅಳತೆ ಇಂಚೋ ಮಿಲಿಮೀಟರೋ ಎಂಬುದು. ಫೈಲಿನಲ್ಲಿ ಯೂನಿಟ್ ಇಲ್ಲದಿದ್ದರೆ ಕತ್ತರಿಸುವ ಯಂತ್ರದ ಸಾಫ್ಟ್‌ವೇರ್ ಅದನ್ನು ಇಂಚು ಅಂದುಕೊಳ್ಳಬಹುದು. ಆಗ 300 ಎಂಎಂ ಪ್ಲೇಟು 25.4 ಪಟ್ಟು ಬೆಳೆದು 7620 ಆಗುತ್ತದೆ. ಡ್ರಾಯಿಂಗ್ ಪ್ರಿಫರೆನ್ಸಿನಲ್ಲಿ ಮಿಲಿಮೀಟರ್ ಇಟ್ಟು, ಹೊರ ಅಳತೆಯನ್ನು ಫೈಲಿನ ಹೆಸರಲ್ಲೇ ಬರೆಯುತ್ತೇವೆ: 300-180-6 (ಉದ್ದ-ಅಗಲ-ದಪ್ಪ). ಕತ್ತರಿಸುವವರು ತೆರೆದ ಕೂಡಲೇ ತಾಳೆ ನೋಡುತ್ತಾರೆ. ಹಳೆಯ ಯಂತ್ರಗಳು ಆರ್12 ಎಂಬ ಹಳೆಯ ಆವೃತ್ತಿಯ ಡಿಎಕ್ಸ್‌ಎಫ್ ಕೇಳುತ್ತವೆ. ಅದರಲ್ಲಿ ಸ್ಪ್ಲೈನ್ (ಬಿಂದುಗಳ ನಡುವೆ ನಯವಾಗಿ ಬಾಗುವ ಗೆರೆ) ಇಲ್ಲವೇ ಇಲ್ಲ, ಹಾಗಾಗಿ ವಕ್ರರೇಖೆಯನ್ನು ಮೊದಲಿಂದಲೇ ಆರ್ಕುಗಳಲ್ಲಿ, ಅಂದರೆ ವೃತ್ತದ ತುಂಡುಗಳಲ್ಲಿ, ಎಳೆಯಬೇಕು. ಒಂದರ ಮೇಲೊಂದು ಬಿದ್ದ ಗೆರೆಯಿದ್ದರೆ ಅದೇ ಜಾಗ ಎರಡು ಸಲ ಕತ್ತರಿಸುತ್ತದೆ. ಮೂಲೆ ಕೂಡದಿದ್ದರೆ ಕಾಂಟೂರ್ (ಹೊರಗೆರೆ) ಮುಚ್ಚಿಲ್ಲ ಅಂತ ಯಂತ್ರ ಫೈಲನ್ನು ತಿರಸ್ಕರಿಸುತ್ತದೆ.

ಫ್ರೀಕ್ಯಾಡಿನಲ್ಲಿ ಒಂದು ತೂತು ಸರಿಸಿದರೆ ಇನ್ನೆಲ್ಲೋ ಕಟ್ ಹಾರಿಹೋಗುವ ರೋಗವಿತ್ತು. 2024ರ ನವೆಂಬರಿನ 1.0 ಆವೃತ್ತಿ ಬಂದ ಮೇಲೆ ಬಹಳ ತಗ್ಗಿದೆ. ಆದರೂ ಸ್ಕೆಚ್ಚನ್ನು (ಆಕಾರದ ಗೆರೆಚಿತ್ರ) ಆಗಲೇ ಮಾಡಿದ ಭಾಗದ ಮುಖದ ಮೇಲೆ ಕೂರಿಸುವುದಕ್ಕಿಂತ ಮೂಲ ಪ್ಲೇನಿಗೆ (ಅಲುಗದ ಆಧಾರ ಸಮತಲಕ್ಕೆ) ಕಟ್ಟುವುದೇ ವಾಸಿ.

ಲಿಬ್ರೆಕ್ಯಾಡಿನ ಗೆರೆಯಕ್ಷರದಲ್ಲಿ (ಬರೀ ಗೆರೆಗಳಿಂದಾದ ಫಾಂಟಿನಲ್ಲಿ) ಕನ್ನಡದ ಒತ್ತು ಕೂರುವುದಿಲ್ಲ. ಮನೆಯವರ ಹೆಸರು, ಊರು, ಸರ್ವೆ ನಂಬರನ್ನು ಪಿಡಿಎಫ್ ಆದ ಮೇಲೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಸೇರಿಸುತ್ತೇವೆ.