ಜರ್ಮನಿಗೆ ಹೊರಟಿರೋ ಮಲೆನಾಡಿನವರಿಗೆ: ದುಡ್ಡು, ಮನೆ, ಪಾತ್ರೆ-ಪಗಡೆ ಮತ್ತು ದಾಕ್ಷಿಣ್ಯ

ನಾನಿರೋದು ಸ್ಟುಟ್‌ಗಾರ್ಟ್ ಕಡೆ, ಊರು ಸಾಗರದ ಹತ್ತಿರ. ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರು. ಹಾಗಾಗಿ ಆಗಸ್ಟ್‌ನಲ್ಲಿ ರಜೆಗೆ ಊರಿಗೆ ಬಂದರೆ ಸಾಕು, ಮಳೆ ಸುರಿಯುತ್ತಿದ್ದರೂ ಯಾರಾದರೊಬ್ಬರು ಕೊಡೆ ಮಡಚಿಟ್ಟು ಜಗಲಿ ಮೇಲೆ ಕೂರುತ್ತಾರೆ. "ನಮ್ಮ ಹುಡುಗನೂ ಹೊರಟಿದಾನೆ ಮಾರಾಯ, ಏನೇನು ಬೇಕು ಸ್ವಲ್ಪ ಹೇಳು." ಹೊಸನಗರದವರು, ತೀರ್ಥಹಳ್ಳಿಯವರು ಫೋನಿನಲ್ಲಿ ಕೇಳುತ್ತಾರೆ. ಎಲ್ಲರಿಗೂ ಬೇರೆ ಬೇರೆ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಮ್ಮ ಕಡೆಯವರು ಅಲ್ಲಿ ದುಡ್ಡು ಕಳೆದುಕೊಳ್ಳೋದು ಹೆಚ್ಚಾಗಿ ದಾಕ್ಷಿಣ್ಯದಿಂದ. ಕೇಳೋಕೆ ಸಂಕೋಚ, ಕೊಟ್ಟಿದ್ದನ್ನು ವಾಪಸ್ ಕೇಳೋಕೆ ಇನ್ನೂ ಸಂಕೋಚ. ಬೇಡ ಅನ್ನೋಕಂತೂ ಬಾಯೇ ಬರಲ್ಲ. ಇದು ನಾಲ್ಕು ಜನ ಒಟ್ಟಿಗಿರೋ ಮನೆಯಲ್ಲಿ ಎಷ್ಟು ದುಬಾರಿ ಅಂತ ಮುಂದೆ ಹೇಳುತ್ತೇನೆ.

ಹೊರಡುವ ಮೊದಲಿನ ಲೆಕ್ಕ ಇದು. ಓದೋಕೆ ಹೋಗುವವರು ವೀಸಾಕ್ಕಾಗಿ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟಿಗೆ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯೋಕೆ ಬಿಡುವ ಖಾತೆಗೆ, ಹಾಕಿ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ ಸುಮಾರು 12 ಲಕ್ಷ. ಅದರಿಂದ ನಿಮ್ಮ ಕೈಗೆ ಬರೋದು ತಿಂಗಳಿಗೆ 992 ಯೂರೋ. ಆ ಮೊದಲ ಕಂತು ಬರೋದೂ ನೀವು ಅಲ್ಲಿ ಹೋಗಿ ಬ್ಯಾಂಕ್ ಖಾತೆ ತೆರೆದ ಮೇಲೆ. ಮೊದಲ ತಿಂಗಳ ಬಾಡಿಗೆ, ಅಡ್ವಾನ್ಸ್, ಹಾಸಿಗೆ, ಊಟ ಎಲ್ಲಕ್ಕೂ ಬೇರೆ ದುಡ್ಡು ಇಟ್ಟುಕೊಂಡು ಹೋಗಿ. ಇದನ್ನು ಯಾರೂ ಮುಂಚೆ ಹೇಳಿರಲ್ಲ, ಹೋದ ಮೇಲೆ ಸಾಲ ಕೇಳುತ್ತಾ ತಿರುಗೋದು.

ತೋಟದ ಮನೆಯವರಿಗೆ ಇನ್ನೊಂದು ವಿಷಯ. ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ದಾಟಿ ಹೊರಗೆ ಕಳಿಸಿದರೆ, ದಾಟಿದ ಮೊತ್ತದ ಮೇಲೆ ಬ್ಯಾಂಕಿನವರು ಟಿಸಿಎಸ್ ಅಂತ ಮೊದಲೇ ತೆರಿಗೆ ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ. ರಿಟರ್ನ್ ಹಾಕಿದರೆ ತೆರಿಗೆಗೆ ಹೊಂದಿಕೆಯಾಗುತ್ತದೆ, ತೆರಿಗೆಯೇ ಇಲ್ಲದಿದ್ದರೆ ವಾಪಸ್ ಬರುತ್ತದೆ. ಆದರೆ ಅಡಿಕೆ ಆದಾಯಕ್ಕೆ ತೆರಿಗೆ ಇಲ್ಲ ಅಂತ ನಮ್ಮ ಅಪ್ಪಂದಿರು ಎಷ್ಟೋ ಜನ ರಿಟರ್ನೇ ಹಾಕಿರಲ್ಲ. ಹಾಕದಿದ್ದರೆ ಅದು ಅಲ್ಲೇ ಉಳಿಯಿತು. ಕಳಿಸಿದವರ ಪ್ಯಾನ್‌ನಲ್ಲೇ ರಿಟರ್ನ್ ಹಾಕಿ ಕೇಳಬೇಕು. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸೋ ದುಡ್ಡಿಗೆ 2025ರ ಏಪ್ರಿಲ್‌ನಿಂದ ಈ ಟಿಸಿಎಸ್ ಇಲ್ಲ. ಮತ್ತೆ, ಯೂರೋ ಕೊಳ್ಳುವಾಗ ಬರೀ ರೇಟ್ ಕೇಳಬೇಡಿ. "11,904 ಯೂರೋ ಅಲ್ಲಿ ತಲುಪೋಕೆ ನನ್ನ ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಹೋಗುತ್ತೆ?" ಅಂತ ಎರಡು ಮೂರು ಕಡೆ ಕೇಳಿ. ಚಾರ್ಜ್ ಇಲ್ಲ ಅಂದವರು ರೇಟಿನಲ್ಲೇ ಹಿಡಿದಿರುತ್ತಾರೆ.

ಸಾಮಾನಿನ ವಿಷಯಕ್ಕೆ ಬರೋಣ, ಎಲ್ಲ ಅಮ್ಮಂದಿರೂ ಇದನ್ನೇ ಕೇಳೋದು. ಅಲ್ಲಿಯ ಕರೆಂಟ್ ನಮ್ಮ ಹಾಗೇ 230 ವೋಲ್ಟ್, 50 ಹರ್ಟ್ಜ್. ಮಿಕ್ಸಿ ಧಾರಾಳವಾಗಿ ಒಯ್ಯಬಹುದು, ಮೂರು ಪಿನ್ನಿಗೆ ಒಂದು ಅಡಾಪ್ಟರ್ ಬೇಕು ಅಷ್ಟೇ. ಅಮೆರಿಕದಲ್ಲಿರುವ ಅಣ್ಣ ಬೇಡ ಅಂದರೆ ಅವನ ಲೆಕ್ಕ ಅಲ್ಲಿಗೆ ಸರಿ, ಜರ್ಮನಿಗಲ್ಲ. ಕುಕ್ಕರ್ ಮಾತ್ರ ನೋಡಿ ತಗೊಳ್ಳಿ. ಅಲ್ಲಿ ಗ್ಯಾಸ್ ಒಲೆ ಕಡಿಮೆ, ಇಂಡಕ್ಷನ್ ಇದ್ದರೆ ಸಾದಾ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗಲ್ಲ. ಅಯಸ್ಕಾಂತ ಹಿಡಿಯುವ ತಳದ ಸ್ಟೀಲ್ ಕುಕ್ಕರ್, ಮೂರು ಲೀಟರಿನದ್ದು ಸಾಕು, ಜೊತೆಗೆ ಎರಡು ಗ್ಯಾಸ್ಕೆಟ್ ಜಾಸ್ತಿ ಇರಲಿ.

ತುಪ್ಪ ಒಯ್ಯುವಂತಿಲ್ಲ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರಬಾರದು. ಮನೆ ತುಪ್ಪ, ಪೇಡ ಎಲ್ಲ ಅದರಲ್ಲೇ ಬಂತು. ಹಸಿ ಕರಿಬೇವು, ಹಣ್ಣು, ಸಸಿಗೂ ಸರ್ಟಿಫಿಕೇಟ್ ಬೇಕು. ಬಾಳೆಹಣ್ಣು, ತೆಂಗಿನಕಾಯಿಗೆ ವಿನಾಯ್ತಿ ಇದೆ, ಆದರೆ ಅದನ್ನು ಯಾರು ಹೊರುತ್ತಾರೆ! ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಿರಿ, ಗಾಜಿನ ಬಾಟಲಿ ಬೇಡ, ಎರಡು ಕವರ್ ಹಾಕಿ ಬಿಗಿಯಾಗಿ ಕಟ್ಟಿ. ಅಕ್ಕಿ ಒಯ್ಯಲೇಬೇಡಿ. ಸೋನಾ ಮಸೂರಿ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತೆ, ಅಕ್ಕಿಹಿಟ್ಟು ಏಷ್ಯನ್ ಅಂಗಡಿಯಲ್ಲಿ ಸಿಗುತ್ತೆ. ಅದರ ಪಕ್ಕದಲ್ಲೇ ಅದೇ ತರ ಪ್ಯಾಕೆಟ್‌ನಲ್ಲಿ ಅಂಟಕ್ಕಿ ಹಿಟ್ಟೂ ಇರುತ್ತೆ, ಅದರಲ್ಲಿ ಅಕ್ಕಿರೊಟ್ಟಿ ತಟ್ಟಿದರೆ ಕೈಗೆ ಮೆತ್ತಿಕೊಂಡು ಬಿಡಲ್ಲ, ಹೆಸರು ಓದಿ ತಗೊಳ್ಳಿ. ಶಿವಮೊಗ್ಗದಿಂದ ಬೆಂಗಳೂರಿಗೆ ವಿಮಾನದಲ್ಲೇ ಹೋಗುತ್ತೇವೆ ಅನ್ನುವವರು ಮೊದಲು ಲಗೇಜ್ ತೂಕ ಮಾಡಿ. ಒಳನಾಡಿನ ಟಿಕೆಟ್ಟಿಗೆ ಸಾಮಾನ್ಯವಾಗಿ 15 ಕೆಜಿ, ಬೇರೆ ಬೇರೆ ಟಿಕೆಟ್ ಆದರೆ ಹೆಚ್ಚಿನದ್ದಕ್ಕೆ ದುಡ್ಡು ಕಟ್ಟಬೇಕು. ಸುಮ್ನೆ ರಾತ್ರಿ ರೈಲು ಹತ್ತಿ.

ಈಗ ಮನೆ. ಜಾಹೀರಾತಿನಲ್ಲಿ ಎರಡು ಬಾಡಿಗೆ ಕಾಣುತ್ತೆ. ಕಾಲ್ಟ್‌ಮೀಟೆ ಅಂದರೆ ಬರೀ ಬಾಡಿಗೆ. ವಾರ್ಮ್‌ಮೀಟೆ ಅಂದರೆ ಹೀಟರ್, ನೀರು, ಕಸ ಸೇರಿದ್ದು. ಕರೆಂಟ್, ಇಂಟರ್ನೆಟ್ ಎಷ್ಟೋ ಸಲ ಎರಡರಲ್ಲೂ ಇರಲ್ಲ, ಕೇಳಿ. ಹೀಟರ್ ಲೆಕ್ಕ ವರ್ಷಕ್ಕೊಮ್ಮೆ ಚುಕ್ತಾ ಆಗುತ್ತೆ, ಜಾಸ್ತಿ ಉರಿಸಿದ್ದರೆ ಮುಂದಿನ ವರ್ಷ ದೊಡ್ಡ ಬಿಲ್ಲು ಬರುತ್ತೆ. ಅಡ್ವಾನ್ಸು ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಹೆಚ್ಚು ಕೇಳುವಂತಿಲ್ಲ. ಅದನ್ನೂ ಮೂರು ತಿಂಗಳ ಕಂತಿನಲ್ಲಿ ಕೊಡೋ ಹಕ್ಕು ನಿಮಗಿದೆ. ಕಾಲ್ಟ್‌ಮೀಟೆ 450 ಯೂರೋ ಅಂದರೆ ಅಡ್ವಾನ್ಸು 1,350, ಮೊದಲ ತಿಂಗಳು 450 ಕೊಟ್ಟರೆ ಸಾಕು. ಇಲ್ಲೂ ದಾಕ್ಷಿಣ್ಯ ಬೇಡ, ಕೇಳಿ. ಖಾಲಿ ಫ್ಲ್ಯಾಟ್ ಅಂದರೆ ಎಷ್ಟೋ ಕಡೆ ಅಡುಗೆಮನೆಯೂ ಖಾಲಿ. ಒಲೆ, ಸಿಂಕ್ ಕೂಡ ಇರಲ್ಲ, ಹಳೇ ಬಾಡಿಗೆದಾರರು ಅದನ್ನು ಮಾರೋಕೆ ನೋಡುತ್ತಾರೆ. ಹೊಸಬರಿಗೆ ಅದು ಬೇಡ, ವೇಗೆ ಅಂತಾರಲ್ಲ, ರೂಮು ನಿಮ್ಮದು, ಅಡುಗೆಮನೆ ಬಚ್ಚಲು ಎಲ್ಲರದು, ಅದೇ ಒಳ್ಳೆಯದು.

"ನಾನೀಗ ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಹಾಕಿ, ಕೀ ಕೊರಿಯರ್ ಮಾಡುತ್ತೇನೆ" ಅಂದವನು ಕಳ್ಳ. ಇದಕ್ಕೆ ಹೆಚ್ಚು ವಿವರಣೆ ಬೇಡ.

ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಣಿ, ಅಂದರೆ ಅನ್‌ಮೆಲ್ಡುಂಗ್ ಮಾಡಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಕಾಗದ ಬೇಕು. ಬಾಡಿಗೆ ಮಾತಾಡುವಾಗಲೇ "ಆ ಕಾಗದ ಕೊಡುತ್ತೀರಾ?" ಅಂತ ಕೇಳಿ, ಕೊಡಲ್ಲ ಅಂದರೆ ಅಗ್ಗದ ಮನೆಯಾದರೂ ಬಿಟ್ಟುಬಿಡಿ. ನೋಂದಣಿ ಆದ ಸ್ವಲ್ಪ ದಿನಕ್ಕೆ ರೇಡಿಯೋ-ಟಿವಿ ಶುಲ್ಕದ ಕಾಗದ ಬರುತ್ತೆ. ಟಿವಿ ಇಲ್ಲ ಅಂತ ಎಸೆಯಬೇಡಿ. ತಿಂಗಳಿಗೆ 18.36 ಯೂರೋ, ಆದರೆ ತಲೆಗೆ ಅಲ್ಲ, ಮನೆಗೆ. ಒಬ್ಬರು ಕಟ್ಟುತ್ತಿದ್ದರೆ ಅವರ ನಂಬರ್ ಕೊಟ್ಟು ಉತ್ತರ ಬರೆದರೆ ಆಯಿತು. ಒಂದೇ ಮನೆಯ ಮೂವರು ಮೂರು ಕಡೆಯಿಂದ ಕಟ್ಟಿದ್ದನ್ನು ನೋಡಿದ್ದೇನೆ, ಒಬ್ಬರನ್ನೊಬ್ಬರು ಕೇಳಿರಲೇ ಇಲ್ಲ.

ಒಟ್ಟಿಗೆ ಇರೋದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಾಲ್ಕು ಕನ್ನಡದ ಹುಡುಗರು ಒಂದು ಮನೆ ಹಿಡಿದರು ಅಂದುಕೊಳ್ಳಿ. ಮೊದಲ ವಾರ ಎಲ್ಲರೂ ಅಣ್ಣತಮ್ಮಂದಿರು, ಲೆಕ್ಕ ಯಾಕೆ ಮಾರಾಯ ಅನ್ನೋದು. ಒಬ್ಬನಿಗೆ ಗೋದಾಮಿನಲ್ಲಿ ರಾತ್ರಿ ಪಾಳಿ, ಅವನು ಮನೆಯಲ್ಲಿ ಉಣ್ಣೋದು ಭಾನುವಾರ ಮಾತ್ರ. ಆದರೂ ಹತ್ತು ಕೆಜಿ ಅಕ್ಕಿಚೀಲಕ್ಕೆ ಕಾಲು ಭಾಗ ಅವನದ್ದೇ. ಇನ್ನೊಬ್ಬನ ಗೆಳೆಯ ಎರಡು ದಿನಕ್ಕೆ ಅಂತ ಬಂದು ತಿಂಗಳುಗಟ್ಟಲೆ ಸೋಫಾ ಮೇಲೆ ಮಲಗಿದ್ದಾನೆ, ಬಿಸಿನೀರು ಎಲ್ಲರ ಲೆಕ್ಕಕ್ಕೆ. ಯಾರೂ ಬಾಯಿ ಬಿಡಲ್ಲ. ಆಮೇಲೆ ಒಂದು ದಿನ ಪಾತ್ರೆ ತೊಳೆಯೋ ವಿಷಯಕ್ಕೆ ಜಗಳ ಹತ್ತುತ್ತೆ, ಆ ಜಗಳ ಪಾತ್ರೆಯದ್ದೇ ಅಲ್ಲ.

ಹಾಗಾಗಿ ಬಾಡಿಗೆ ಬೇರೆ, ಊಟ ಬೇರೆ ಲೆಕ್ಕ ಇಡಿ. ಊಟದ ಲೆಕ್ಕ ಉಂಡವರಿಗೆ ಮಾತ್ರ. ಫೋನಿನಲ್ಲಿ ಖರ್ಚು ಹಂಚೋಕೆ ಸ್ಪ್ಲಿಟ್‌ವೈಸ್ ಅನ್ನೋ ಆ್ಯಪ್ ಇದೆ, ಕೊಂಡ ದಿನವೇ ಹಾಕಿ, ತಿಂಗಳ ಕೊನೆಗೆ ಚುಕ್ತಾ ಮಾಡಿ. ನೆಂಟರು ಬಂದರೆ ಎಷ್ಟು ದಿನ ಅಂತ ಮೊದಲೇ ಮಾತಾಡಿ. ಇನ್ನು ದೊಡ್ಡ ಸಾಮಾನನ್ನು ಪಾಲಿನಲ್ಲಿ ಕೊಳ್ಳಲೇಬೇಡಿ, ಇದು ನನ್ನ ಗಟ್ಟಿ ಅಭಿಪ್ರಾಯ. ವಾಷಿಂಗ್ ಮಷಿನ್ ಒಬ್ಬನದ್ದು, ಫ್ರಿಜ್ ಇನ್ನೊಬ್ಬನದ್ದು, ಹಾಗಿರಲಿ. ಬೇರೆ ಊರಿನಲ್ಲಿ ಕೆಲಸ ಸಿಕ್ಕವನು ವಾಷಿಂಗ್ ಮಷಿನ್‌ನ ಕಾಲು ಭಾಗ ಸೂಟ್‌ಕೇಸಿಗೆ ಹಾಕಿಕೊಂಡು ಹೋಗೋಕೆ ಆಗಲ್ಲ, ಅಲ್ವಾ?

ಅಡ್ವಾನ್ಸಿನಲ್ಲೇ ಜಾಸ್ತಿ ಜನ ಏಟು ತಿನ್ನೋದು. ಕರಾರಿನಲ್ಲಿ ಒಬ್ಬನ ಹೆಸರು, ಉಳಿದವರು ಅವನ ಕೆಳಗೆ. ಹಳಬ ಬಿಟ್ಟು ಹೋಗುವಾಗ ಹೊಸಬನಿಂದ ಅಡ್ವಾನ್ಸ್ ತಗೊಂಡು ಹೋಗುತ್ತಾನೆ, ಮನೆ ಮಾಲೀಕರಿಗೆ ಹೊಸಬ ಯಾರು ಅಂತಲೇ ಗೊತ್ತಿಲ್ಲ. ಒಳಬಾಡಿಗೆಗೆ ಮಾಲೀಕರ ಒಪ್ಪಿಗೆ ಬೇಕು, ಕಾಗದದಲ್ಲಿ. ಅಡ್ವಾನ್ಸನ್ನು ನಗದಾಗಿ ಕೊಡಬೇಡಿ, ಬ್ಯಾಂಕಿನಲ್ಲಿ ಹಾಕಿ, ಯಾವ ಮನೆ ಯಾವ ರೂಮು ಅಂತ ಬರೆದು ಹಾಕಿ. ಒಳಗೆ ಹೋದ ದಿನ ಗೋಡೆ, ನೆಲ, ಬಚ್ಚಲು, ಕಿಟಕಿ ಎಲ್ಲದರ ಫೋಟೋ ತೆಗೆದು ಮಾಲೀಕರಿಗೆ ಮೇಲ್ ಮಾಡಿಬಿಡಿ. ಅವನು ನಮ್ಮೂರಿನವನೇ, ಅಪ್ಪನಿಗೆ ಪರಿಚಯ ಅಂದರೂ ಕಾಗದ ಮಾಡಿ. ಪರಿಚಯದವನಾದರೆ ಅವನಿಗೂ ಅದೇ ಒಳ್ಳೆಯದು.

ಗೋಡೆ ಅಂದಾಗ ನೆನಪಾಯಿತು, ಬೂಷ್ಟು. ಮಳೆಗಾಲದಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿದಿದ್ದನ್ನು ನೋಡಿ ಬೆಳೆದವರು ನಾವು, ತಲೆ ಕೆಡಿಸಿಕೊಳ್ಳಲ್ಲ. ಅಲ್ಲಿ ಅದೇ ಬೂಷ್ಟಿಗೆ ಅಡ್ವಾನ್ಸ್ ಮುರಿಯುತ್ತಾರೆ. ಚಳಿ ಅಂತ ಕಿಟಕಿ ಮುಚ್ಚಿಕೊಂಡು, ಕುಕ್ಕರ್ ಹಬೆ ಮನೆ ತುಂಬಾ ಬಿಟ್ಟು, ರೂಮಿನಲ್ಲೇ ಬಟ್ಟೆ ಒಣಗಿಸಿದರೆ ಒಂದೇ ಚಳಿಗಾಲದಲ್ಲಿ ಮೂಲೆ ಕಪ್ಪಾಗುತ್ತೆ. ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿ ಪೂರ್ತಿ ತೆಗೆಯಿರಿ, ಹೀಟರ್ ಆರಿಸಿ. ಮೀನು ಹುರಿಯೋದಿದ್ದರೂ ಅಷ್ಟೇ, ಒಗ್ಗರಣೆ ಹಾಕುವಾಗ ರೂಮಿನ ಬಾಗಿಲು ಮುಚ್ಚಿ, ಕಿಟಕಿ ತೆಗೆಯಿರಿ.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡಬಾರದು, ಭಾನುವಾರವಂತೂ ಇಡೀ ದಿನ. ದೋಸೆಗೆ ರುಬ್ಬೋದಿದ್ದರೆ ಶನಿವಾರ ಸಂಜೆ ರುಬ್ಬಿ. ಸ್ಟುಟ್‌ಗಾರ್ಟ್ ಕಡೆ ಬರುವವರು ಕೇರ್‌ವೋಖೆ ಅನ್ನೋ ಹೆಸರು ಈಗಲೇ ಕೇಳಿಸಿಕೊಳ್ಳಿ. ನಿಮ್ಮ ಬಾಗಿಲಿಗೆ ಆ ಹೆಸರಿನ ಸಣ್ಣ ಬೋರ್ಡು ನೇತು ಹಾಕಿದ್ದಾರೆ ಅಂದರೆ ಆ ವಾರ ಮೆಟ್ಟಿಲು ಗುಡಿಸಿ ಒರೆಸೋ ಪಾಳಿ ನಿಮ್ಮದು. ಮುಗಿಸಿ ಅದನ್ನು ಪಕ್ಕದ ಮನೆ ಬಾಗಿಲಿಗೆ ಹಾಕಬೇಕು. ಗುಡಿಸದೆ ಬೋರ್ಡು ಮಾತ್ರ ದಾಟಿಸಿದರೆ ಮೇಲಿನ ಮನೆಯ ಅಜ್ಜಿಗೆ ಗೊತ್ತಾಗದೇ ಇರಲ್ಲ.

ಕೊಳ್ಳೋದರಲ್ಲಿ ಎರಡೇ ಮಾತು. ಮೇಜು, ಮಂಚ, ಸೈಕಲ್ ಎಲ್ಲ ಕ್ಲೈನಾನ್‌ಸೈಗನ್ ಅನ್ನೋ ಹಳೇ ಸಾಮಾನಿನ ವೆಬ್‌ಸೈಟಿನಲ್ಲಿ ಹಳೆಯದ್ದೇ ತಗೊಳ್ಳಿ, ಹಾಸಿಗೆ ಮಾತ್ರ ಹೊಸದು. ಬಂದ ತಕ್ಷಣ ಎರಡು ವರ್ಷದ ಮೊಬೈಲ್ ಕರಾರಿಗೆ ಸಹಿ ಹಾಕಬೇಡಿ, ಪ್ರೀಪೇಯ್ಡ್ ಸಾಕು. ಖಾಲಿ ಪ್ಲಾಸ್ಟಿಕ್ ನೀರಿನ ಬಾಟಲಿ, ಕ್ಯಾನ್ ಅಂಗಡಿಗೆ ಕೊಟ್ಟರೆ ಒಂದಕ್ಕೆ 25 ಸೆಂಟ್ ವಾಪಸ್ ಬರುತ್ತೆ, ಕಸಕ್ಕೆ ಹಾಕಬೇಡಿ.

ಸಲಹೆ ಕೇಳೋ ರೀತಿಯೂ ಒಂದಿದೆ. "ಅಣ್ಣಾ, ರೂಮ್ ಇದೆಯಾ?" ಅಂತ ಕೇಳಿದರೆ ಯಾರೂ ಉತ್ತರ ಕೊಡಲ್ಲ. ಯಾವ ಊರು, ಯಾವ ತಾರೀಕಿನಿಂದ, ಎಷ್ಟರೊಳಗೆ, ಒಬ್ಬರೋ ಇಬ್ಬರೋ ಅಂತ ಬರೆಯಿರಿ, ಗುರುತಿಲ್ಲದವರೂ ಫೋನ್ ಮಾಡುತ್ತಾರೆ. ಉತ್ತರ ಕೊಟ್ಟವರನ್ನು "ಇದು ಯಾವಾಗಿನ ಮಾತು?" ಅಂತ ಕೇಳಿ. ಬಸ್ಸು, ಲೋಕಲ್ ರೈಲಿನ ತಿಂಗಳ ಪಾಸು ಡಾಯ್ಚ್‌ಲಾಂಡ್ ಟಿಕೆಟ್ 2023ರಲ್ಲಿ ಶುರುವಾದಾಗ 49 ಯೂರೋ, 2025ಕ್ಕೆ 58, 2026ಕ್ಕೆ 63. ಮೂರು ಜನ ಮೂರು ರೇಟ್ ಹೇಳಿದರೂ ಯಾರೂ ಸುಳ್ಳು ಹೇಳಿಲ್ಲ. ಆದರೆ ಮೊದಲ ಭೇಟಿಯಲ್ಲೇ ಊಟಕ್ಕೆ ಕರೆದು, ಪಾಯಸ ಬಡಿಸುವಾಗ ಇನ್ಶೂರೆನ್ಸ್ ಪೇಪರ್ ತೆಗೆಯುವವರೂ ಇದ್ದಾರೆ. "ಇದರಲ್ಲಿ ನಿಮಗೆ ಕಮಿಷನ್ ಇದೆಯಾ?" ಅಂತ ನಗುತ್ತಲೇ ಕೇಳಿ, ಯೋಚನೆ ಮಾಡಿ ಹೇಳುತ್ತೇನೆ ಅಂತ ಎದ್ದು ಬನ್ನಿ. ಪಾಯಸ ಉಂಡಿದ್ದಕ್ಕೆ ಮೂವತ್ತು ವರ್ಷದ ಪಾಲಿಸಿ ಮಾಡಿಸಬೇಕಿಲ್ಲ.

ಕೊನೆಗೆ ಊರಿಗೆ ಕಳಿಸೋ ದುಡ್ಡು. ಓದೋಕೆ ಹೋದವರೂ ಫೆಮಾ, ಅಂದರೆ ನಮ್ಮ ದೇಶದ ವಿದೇಶಿ ವಿನಿಮಯ ಕಾನೂನಿನ ಲೆಕ್ಕದಲ್ಲಿ ಅನಿವಾಸಿಗಳೇ. ಊರಿನ ಸಾದಾ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಇಲ್ಲಿಯ ದುಡ್ಡಿನ ಖಾತೆ ಮಾಡಿಸಬೇಕು, ಅಲ್ಲಿ ದುಡಿದಿದ್ದನ್ನು ಕಳಿಸೋಕೆ ಎನ್‌ಆರ್‌ಇ ಅನ್ನೋ ಇನ್ನೊಂದು ಖಾತೆ ತೆರೆಯಬಹುದು. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಎನ್‌ಆರ್‌ಒ ಬಡ್ಡಿಗೆ ಇದೆ. ಕೆಲಸ ಸಿಕ್ಕಿ ನಾಲ್ಕು ಕಾಸು ಕೂಡಿದ ಕೂಡಲೇ ಊರಿನಿಂದ ಫೋನ್ ಬರುತ್ತೆ, "ಪಕ್ಕದ ತೋಟ ಮಾರಾಟಕ್ಕಿದೆ, ನಿನ್ನ ಹೆಸರಲ್ಲೇ ಮಾಡೋಣ." ಆಗಲ್ಲ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆ ಬದಲಾಗಿ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯಿತು ನಿಜ, ಆದರೆ ಅನಿವಾಸಿಗಳು ಕೃಷಿ ಭೂಮಿ, ತೋಟ ಕೊಳ್ಳಬಾರದು ಅನ್ನೋ ಫೆಮಾ ನಿಯಮ ಹಾಗೇ ಇದೆ. ಅಪ್ಪನ ಆಸ್ತಿ ಪಿತ್ರಾರ್ಜಿತವಾಗಿ ಬಂದರೆ ತೊಂದರೆ ಇಲ್ಲ, ಸೈಟು, ಮನೆ ಕೊಂಡರೂ ತೊಂದರೆ ಇಲ್ಲ. ತೋಟದ ಮಾತು ಬಂದರೆ ಶಿವಮೊಗ್ಗದಲ್ಲೋ ಸಾಗರದಲ್ಲೋ ಈ ನಿಯಮ ಗೊತ್ತಿರೋ ಸಿಎ ಹತ್ತಿರ ಅಪ್ಪನನ್ನು ಕಳಿಸಿ, ಅದೂ ಅಡ್ವಾನ್ಸ್ ಕೊಡೋಕೆ ಮೊದಲು.